ನೀಲಮ್ಮ ಕಾಕು ದಾಂಡೇಲಿ ದಾಟಿದ್ದು

"ಇದು ಸುಳ್ಳು ಹೇಳೂದಿಲ್ಲ ನೋಡ, ನೀಲಾ," ಎನ್ನುತ್ತ ಚನಬಸಪ್ಪ ಕಾಕಾ ತಾವೇ ಮಾಡಿದ ಹೊಸ ಪಟ್ಟಿಯನ್ನು ಹೆಂಡತಿಯ ಮುಂಗೈಗೆ ಕಟ್ಟಿ, ಕ್ಲಿಪ್ ಒತ್ತಿ, ನನ್ನ ಕಡೆ ಹೆಮ್ಮೆಯಿಂದ ನೋಡಿದರು.

ಇವರು ಧಾರವಾಡದಲ್ಲಿ ನಮ್ಮ ಪಕ್ಕದ ಮನೆಯವರು. ಮೊಣಕಾಲು ನೋವಿಗೆಂದು ಡಾಕ್ಟರು ನೀಲಮ್ಮ ಕಾಕುಗೆ ನಿಂತಲ್ಲೇ ತುಳಿಯುವ ಸೈಕಲ್ ಹೇಳಿದ್ದರು. ಕಾಕು ತಪ್ಪದೆ ತುಳಿದರು. ಆದರೆ ಅಂಗಡಿಯಿಂದ ತಂದ ಫಿಟ್‌ನೆಸ್ ಪಟ್ಟಿಗೆ ಕೈ ಬೀಸಿದರಷ್ಟೇ ಲೆಕ್ಕ. ಹ್ಯಾಂಡಲ್ ಹಿಡಿದ ಕೈ ಅಲುಗದ್ದರಿಂದ, ಕಾಕು ಸುಮ್ಮನೆ ಕುಳಿತಿದ್ದರೆಂದು ಅದು ವರದಿ ಕೊಟ್ಟಿತು. ಡಾಕ್ಟರು ಅದನ್ನೇ ನಂಬಿ, ಹೀಗೇ ಸೋಮಾರಿತನ ಮಾಡಿದರೆ ಆಪರೇಶನ್ನೇ ಗತಿ ಎಂದರು. ಕಾಕುಗೆ ನೋವಿಗಿಂತ ಆ ಮಾತೇ ಹೆಚ್ಚು ಚುಚ್ಚಿತ್ತು.

ಕಾಕಾರ ಪಟ್ಟಿ ನಾಡಿಯನ್ನೂ ಪೆಡಲನ್ನೂ ಕೂಡಿಸಿ ಲೆಕ್ಕ ಹಾಕಿ, ತುಳಿದ ದೂರವನ್ನು ಧಾರವಾಡದಿಂದ ಕಾರವಾರದ ದಾರಿಯ ಊರುಗಳ ಹೆಸರಿನಲ್ಲಿ ಕೂಗಿ ಹೇಳುತ್ತಿತ್ತು. ಹೆಂಡತಿಗೆ ಮತ್ತೆ ಅನ್ಯಾಯವಾಗದಿರಲೆಂದು ಅದಕ್ಕೆ ಒಂದಿಷ್ಟು ಧಾರಾಳ ಬುದ್ಧಿಯನ್ನೂ ಕೊಟ್ಟಿದ್ದರು. ಅಂದು ಮತ್ತೆ ಡಾಕ್ಟರ ಬಳಿ ಹೋಗಬೇಕಿತ್ತು. ಕಾಕುವನ್ನು ಸ್ಕೂಟರಿನಲ್ಲಿ ಕರೆದೊಯ್ಯಲು ನಾನು ಬಂದಿದ್ದೆ. ಹೊರಡುವ ಮುಂಚೆ ಅವರು ಕೊಂಚ ತುಳಿದರು.

"ಹಳಿಯಾಳ ದಾಟಿದಿರಿ," ಎಂದಿತು ಪಟ್ಟಿ. ಕಾಕು ಬೆವರು ಒರೆಸಿಕೊಳ್ಳುವಷ್ಟರಲ್ಲಿ, "ದಾಂಡೇಲಿ ಬಂತು."

"ಧಾರಾಳ ಜರಾ ಜಾಸ್ತಿ ಆತು," ಎಂದರು ಕಾಕಾ.

ಕಾಕು ಕೆಳಗಿಳಿದರು. ಫ್ಯಾನು ನಿಂತಿತು. ಮುಂಬಾಗಿಲ ಬೀಗ ತಾನೇ ಬಿತ್ತು. ಮನೆಯ ದೀಪ, ಬಾಗಿಲುಗಳನ್ನೆಲ್ಲ ಕಾಕಾ ಹಿಂದೆಯೇ ಒಂದು ಯಂತ್ರದ ಕೈಗೆ ಒಪ್ಪಿಸಿದ್ದರು. ಯಜಮಾನಿ ಊರಲ್ಲಿಲ್ಲವೆಂದು ಪಟ್ಟಿ ಅದಕ್ಕೆ ತಿಳಿಸಿಬಿಟ್ಟಿತ್ತು.

ಕಾಕು ಒಳಗಿನಿಂದಲೇ ಬಾಗಿಲು ಬಡಿದರು. "ತಗಿ. ನಾ ನೀಲಮ್ಮ."

"ನೀಲಮ್ಮ ದಾಂಡೇಲಿಯಲ್ಲಿದ್ದಾರೆ," ಎಂದಿತು ಬಾಗಿಲು. "ನೀವು ಯಾರು?"

ಕ್ಲಿಪ್ಪೂ ಬಿಚ್ಚಲಿಲ್ಲ. ಕಾಕಾ ಸ್ಕ್ರೂಡ್ರೈವರ್ ತಂದರೆ ಪಟ್ಟಿ "ಕಳ್ಳ, ಕಳ್ಳ" ಎಂದು ಕೂಗಿತು.

"ಹಿಂದಕ್ಕ ತುಳಿ ನೀಲಾ. ಧಾರವಾಡ ಮುಟ್ಟಿದ್ರ ತಗೀತೈತಿ."

"ನನ್ನ ಮನಿಗೆ ನಾ ಯಾಕ ತಿರುಗಿ ಬರಬೇಕ್ರಿ? ನಾ ಎಲ್ಲಿ ಹೋಗೇನಿ?"

"ಅದಕ್ಕ ತಿಳೀಬೇಕಲ್ಲ."

"ಮದಲಿಂದು ಕುಂತಾಳ ಅಂತು. ಇದು ಊರ ಬಿಟ್ಟಾಳ ಅಂತೈತಿ. ಇವು ಹೇಳಿದಂಗ ನಾ ಕುಣಿಯಾಕಿ ಅಲ್ಲ."

ಕಾಕು ಸೆರಗು ಸಿಕ್ಕಿಸಿ ಮತ್ತೆ ಸೈಕಲ್ ಹತ್ತಿದರು. ಸೋತರೇನೋ ಎಂದುಕೊಂಡೆ. ಅವರು ಮುಂದಕ್ಕೇ ತುಳಿದರು.

"ಎಲ್ಲಿಗೆ ಹೊಂಟಿ?" ಕಾಕಾ ಗಾಬರಿಯಾದರು.

"ಮುಂದಕ್ಕ."

ಅಣಶಿ ಘಟ್ಟದ ಇಳಿಜಾರಿನಲ್ಲಿ ಪೆಡಲುಗಳು ತಾವೇ ಗಿರಗಿರನೆ ತಿರುಗಿದವು. ಕಾಕು ಕಾಲೆತ್ತಿ ಕುಳಿತು ಗಾಳಿ ಹಾಕಿಕೊಂಡರು.

"ಕಾರವಾರ ಬಂತು. ಮುಂದೆ ಸಮುದ್ರ. ನಿಲ್ಲಿ," ಎಂದಿತು ಪಟ್ಟಿ.

ಕಾಕು ತುಳಿದರು.

"ನೀರು ಸೊಂಟದ ಮಟ್ಟ ಬಂತು. ದಯವಿಟ್ಟು ನಿಲ್ಲಿ."

ಕಾಕು ಇನ್ನೂ ಜೋರಾಗಿ ತುಳಿದರು.

"ಅಮ್ಮಾ, ನನಗೆ ಈಜು..." ಎಂದು ಗೊಳಗೊಳ ಸದ್ದು ಮಾಡಿ ಪಟ್ಟಿ ಸುಮ್ಮನಾಯಿತು. ಕ್ಲಿಪ್ ಕಳಚಿತು. ಮುಳುಗಿದ ಯಜಮಾನಿಯನ್ನು ಕಾಪಾಡಲು ಬರುವವರಿಗೆ ತೊಂದರೆಯಾಗಬಾರದೆಂದು ಮನೆಯ ಯಂತ್ರ ಬಾಗಿಲು, ಕಿಟಕಿ, ಕೊನೆಗೆ ಬಟ್ಟೆಯ ಕಪಾಟನ್ನೂ ತೆರೆದಿಟ್ಟಿತು.

ಆಸ್ಪತ್ರೆಯಲ್ಲಿ ಡಾಕ್ಟರು ಬರಿಗೈ ನೋಡಿ ಹುಬ್ಬು ಗಂಟಿಕ್ಕಿದರು. "ಪಟ್ಟಿ ಎಲ್ಲಿ, ಅಮ್ಮ? ಲೆಕ್ಕ ನೋಡ್ಬೇಕಲ್ಲ?"

"ಕಾರವಾರದಾಗ ಮುಳುಗೇತ್ರಿ," ಎಂದರು ಕಾಕು. "ಕಾಲು ತಂದೇನಿ. ನೋಡ್ತೀರೇನು?"

ಡಾಕ್ಟರು ಅವತ್ತೇ ಮೊದಲ ಸಲ ಆ ಮೊಣಕಾಲನ್ನು ಮುಟ್ಟಿ, ಮಡಚಿ ನೋಡಿದರು. ಅದು ಸಲೀಸಾಗಿ ಮಡಚಿಕೊಂಡಿತು. ಆಪರೇಶನ್ನಿನ ಮಾತನ್ನು ಅವರು ಮತ್ತೆ ಎತ್ತಲಿಲ್ಲ, ಕಾರವಾರದ್ದನ್ನೂ ಕೇಳಲಿಲ್ಲ.