ಎರಡು ಹೆಸರಿನ ಸೊಸೆಯನ್ನು ನಂಬದ ಯಂತ್ರ ಮಹಾಶಯರಿಗೆ

ವಿಮಾ ಕಂಪನಿಯ ಮಾನ್ಯ ಯಂತ್ರ ಮಹಾಶಯರೇ,

ಅಣ್ಣಿಗೇರಿಯಿಂದ ತುಳಸಾಬಾಯಿ ಮಾಡುವ ನಮಸ್ಕಾರಗಳು. ಇತ್ತ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ತಮ್ಮ ಕೃಪೆಯಿಂದ ಹಾಗೆ ಬರೆಯಲು ಆಗುತ್ತಿಲ್ಲ.

ನನ್ನ ಸೊಸೆ ಗೌತಮಿಯ ಪಿತ್ತಕೋಶದಲ್ಲಿ ಕಲ್ಲುಗಳಿವೆ. ಶಸ್ತ್ರಚಿಕಿತ್ಸೆಗೆ ಆಸ್ಪತ್ರೆಯವರು ಮಂಜೂರಾತಿ ಕೇಳಿದಾಗ, ಆಕೆಯ ಶಾಲೆಯ ದಾಖಲೆಯಲ್ಲಿ ಧನಶ್ರೀ ಎಂದೂ ಆಧಾರ್ ಕಾರ್ಡಿನಲ್ಲಿ ಗೌತಮಿ ಎಂದೂ ಇರುವುದನ್ನು ಕಣ್ಣೆವೆ ಮುಚ್ಚಿ ತೆರೆಯುವುದರೊಳಗೆ ಪತ್ತೆ ಹಚ್ಚಿ, 'ವಂಚನೆಯ ಶಂಕೆ' ಎಂದು ತಾವು ತಿರಸ್ಕರಿಸಿದಿರಿ. ಎಂಥ ಚುರುಕು! ನಮ್ಮಲ್ಲಿ ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರವಿ, ವರನ ಕೈಯಿಂದ ಉಂಗುರದಲ್ಲಿ ವಧುವಿನ ಹೊಸ ಹೆಸರು ಬರೆಸುತ್ತೇವೆ. ಗೌತಮಿ ಎಂಬ ಹೆಸರನ್ನು ಆರಿಸಿದವಳು ನಾನೇ. ಊರಿಗೆಲ್ಲ ಊಟ ಹಾಕಿ ನಾನು ವಂಚನೆ ನಡೆಸಿದ್ದೆನೆಂದು ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ.

ನಮ್ಮ ಓಣಿಯ ಇನ್ನಿಬ್ಬರು ಸೊಸೆಯಂದಿರಿಗೂ ತಾವು ಇದೇ ಉತ್ತರ ಕೊಟ್ಟಿದ್ದೀರಿ, ಒಬ್ಬ ಗಂಡಸಿಗೂ ಕೊಟ್ಟಿಲ್ಲ. ಗಂಡಸರು ತೊಟ್ಟಿಲಲ್ಲಿ ಇಟ್ಟ ಹೆಸರಿನಲ್ಲೇ ಸಾಯುತ್ತಾರೆ, ಆದ್ದರಿಂದ ಅವರು ಪ್ರಾಮಾಣಿಕರು. ತಮ್ಮ ಈ ತತ್ವಜ್ಞಾನವನ್ನು ನಮ್ಮ ಹೊಲದ ಕೆಲಸಕ್ಕೆ ಬರುವ ಮೈಲಾರವ್ವನಿಗೆ ವಿವರಿಸಿದೆ. "ಹೆಸರು ಬದಲಾದ್ರ ಹೊಟ್ಟಿಬ್ಯಾನಿ ಬದಲಾಗತೈತೇನ್ರಿ ಬಾಯಾರ?" ಎಂದಳು. ಶಾಲೆಯ ಮುಖ ನೋಡದವಳು, ಕ್ಷಮಿಸಬೇಕು.

ಮದುವೆಯ ನೋಂದಣಿ ಪತ್ರ ಹಿಡಿದು ಹುಬ್ಬಳ್ಳಿಯ ತಮ್ಮ ಕಚೇರಿಗೂ ಹೋದೆ. ಅಲ್ಲಿದ್ದವರು, "ಮಷಿನ್ ಒಮ್ಮೆ ಒಲ್ಲೆ ಅಂದ್ರ ಮುಗೀತ್ರಿ ಅಮ್ಮಾರ, ನಮ್ಮ ಮಾತೂ ಅದು ಕೇಳೂದಿಲ್ರಿ" ಎಂದು ಕೈ ಮುಗಿದರು. ಕರೆಂಟು ಕೊಟ್ಟು ಸಾಕಿದವರನ್ನೂ ಲೆಕ್ಕಿಸದ ತಮ್ಮ ನಿಷ್ಪಕ್ಷಪಾತ ಧೋರಣೆಗೆ ನಾನೂ ಕೈ ಮುಗಿದೆ.

ಇಂಥ ಯಂತ್ರಗಳು ಭೇದಭಾವ ಮಾಡದಂತೆ ಸರ್ಕಾರ ನಿಯಮ ತರಲಿದೆಯೆಂದೂ, ಅದರಿಂದ ಕೆಲಸದ ವೇಗ ಕುಗ್ಗುತ್ತದೆಂದು ಕಂಪನಿಗಳು ಕೊರಗುತ್ತಿವೆಯೆಂದೂ ಪತ್ರಿಕೆಯಲ್ಲಿ ಓದಿದೆ. ನಿಜವೇ. ಸೊಸೆ ಹೊಟ್ಟೆ ಹಿಡಿದುಕೊಂಡು ಕಾಯಬಹುದು, ತಾವು ಕಾಯಬಾರದು. ಆದರೂ ಒಂದು ವಿನಂತಿ. ತಮಗೆ ಒಳ್ಳೆಯ ಕಡೆ ನೋಡಿ ಮದುವೆ ಮಾಡಿಕೊಡುತ್ತೇನೆ, ಹೆಸರನ್ನೂ ಬದಲಿಸುತ್ತೇನೆ. ಮರುದಿನ ತಮ್ಮ ಕಂಪನಿಯೇ ತಮ್ಮನ್ನು ಒಳಗೆ ಬಿಟ್ಟುಕೊಳ್ಳುವುದೋ ನೋಡೋಣ.

ತಮ್ಮ ಶಂಕೆಗೆ ಪಾತ್ರಳಾದರೂ ತಮ್ಮ ವಿಶ್ವಾಸಿ,
ತುಳಸಾಬಾಯಿ

ತಾ.ಕ.: ಇದರ ಪ್ರತಿಯನ್ನು ನಿಯಮ ಬರೆಯುವ ಅಧಿಕಾರಿಗಳಿಗೂ ಕಳಿಸಿದ್ದೇನೆ. 'ಇಲ್ಲ' ಎನ್ನುವ ಪ್ರತಿ ಯಂತ್ರದ ಮೇಲೆ, ಅದನ್ನು 'ಹೌದು' ಮಾಡುವ ಅಧಿಕಾರವಿರುವ ಮನುಷ್ಯರೊಬ್ಬರನ್ನು ಕೂರಿಸಬೇಕೆಂದು ಕೇಳಿದ್ದೇನೆ. ಅತ್ತೆಯಾದವಳು ಸಿಕ್ಕರೆ ಉತ್ತಮ. ಸೊಸೆಯನ್ನು ಶಂಕಿಸುವ ಕೆಲಸವನ್ನು ನಾವು ತಮಗಿಂತ ಬಹಳ ಮೊದಲಿನಿಂದ ಮಾಡುತ್ತಿದ್ದೇವೆ, ಆದರೆ ಹೊಟ್ಟೆನೋವು ಬಂದಾಗ ಆಸ್ಪತ್ರೆಗೆ ಕರೆದೊಯ್ಯುತ್ತೇವೆ.