ಚಿಕ್ಕಪ್ಪನ ಮೊರದ ಮಳೆ

ಮಡಿಕೇರಿಯಲ್ಲಿ ನಮ್ಮ ಚಿಕ್ಕಪ್ಪ ಸುರಿಸಿದಷ್ಟು ಮಳೆಯನ್ನು ಇನ್ಯಾರೂ ಸುರಿಸಿಲ್ಲ. ಆಷಾಢವನ್ನೂ ಸೇರಿಸಿಕೊಂಡೇ ಹೇಳುತ್ತಿದ್ದೇನೆ! ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ದಿನಗಳವು. ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅವರು ನಮ್ಮ ಶಾಲೆಯ ನಾಟಕಗಳಿಗೆ ಪರದೆಯ ಹಿಂದೆ ಕೂತು ಸದ್ದು ಒದಗಿಸುತ್ತಿದ್ದರು. ಮೊರದಲ್ಲಿ ಕಾಫಿ ಬೀಜ ಆಡಿಸಿದರೆ ಮಳೆ, ತಗಡು ಅಲ್ಲಾಡಿಸಿದರೆ ಗುಡುಗು. ಒಮ್ಮೆ ಅವರ ಮಳೆ ಶುರುವಾದದ್ದೇ ತಡ, ಮುಂದಿನ ಸಾಲಿನಲ್ಲಿದ್ದ ಚಿಕ್ಕಮ್ಮ ಒಣಹಾಕಿದ್ದ ಬಟ್ಟೆ ತೆಗೆಯಲು ಮನೆಗೆ ಓಡಿದರು. ಆ ಮೊರ ತಮ್ಮದೇ ಎಂದು ಅವರಿಗೆ ತಿಳಿದದ್ದು ಮರುದಿನ ಅಕ್ಕಿ ಕೇರಲು ಮೊರ ಹುಡುಕಿದಾಗ!

ಆ ವರ್ಷ ನನಗೂ ಒಂದು ಪಾತ್ರ ಸಿಕ್ಕಿತು. ಮಳೆಯಲ್ಲಿ ಅಪ್ಪನಿಗಾಗಿ ಕಾಯುವ ಮಗಳು. ಮಾತು ಒಂದೇ: "ಬಂದೆಯಾ ಅಪ್ಪಾ?" ಆದರೆ ನನಗೆ ಉಗ್ಗು, ಅದರಲ್ಲೂ 'ಬ' ಎಂದರೆ ಬಾಯಿಗೆ ಬೀಗ. ಟೀಚರು ಪಾತ್ರವನ್ನು ಬೇರೆಯವಳಿಗೆ ಕೊಡಲು ಹೊರಟರು. ನನಗೋ ಅಳು.

"ಅವಳೇ ಇರ್ಲಿ ಟೀಚರೇ. ಮಳೆ ಕೇಳೋ ಕಿವಿ ಉಂಟು ಅವಳಿಗೆ" ಎಂದರು ಚಿಕ್ಕಪ್ಪ. ಇದೆಂಥ ಶಿಫಾರಸು! ಆದರೂ ಟೀಚರು ಒಪ್ಪಿದರು.

ನಾಟಕದ ಅಪ್ಪನ ಹೆಜ್ಜೆಯ ಸದ್ದಿಗಾಗಿ ಚಿಕ್ಕಪ್ಪ ಬೂಟುಗಳನ್ನು ಕೈಗೆ ತೊಟ್ಟು ಮನೆಯ ಜಗಲಿಯುದ್ದಕ್ಕೂ ಅಂಬೆಗಾಲಿಟ್ಟರು. ಅಂಚೆಯವನು ಗೇಟಿನಲ್ಲೇ ಕಾಗದ ಇಟ್ಟು ಹಿಂದಿರುಗಿದ.

"ಕೇಳ್ತದಲ್ಲ, ಸಾಕು ಏಳಿ" ಎಂದರು ಚಿಕ್ಕಮ್ಮ.

"ಇದು ನಡೆಯೋನ ಹೆಜ್ಜೆ ಮಾರಾಯ್ತಿ. ನಂಗೆ ಬೇಕಾದ್ದು ಕಾಯೋಳ ಕಿವಿಗೆ ಬೀಳೋದು. ಅದು ಬಿದ್ಮೇಲೆ ಅವಳಿಗೆ ಮಳೆ ಎಲ್ಲಿ ಕೇಳ್ತದೆ?"

ಹಾಗಾಗಿ ಹೆಜ್ಜೆ ಕೇಳಿದೊಡನೆ ಮಳೆ ನಿಲ್ಲಬೇಕೆಂದು ತೀರ್ಮಾನವಾಯಿತು. ಮಡಿಕೇರಿಯ ಮಳೆ ಯಾರಿಗಾಗಿಯಾದರೂ ನಿಂತದ್ದುಂಟೇ?

ನಾಟಕದ ದಿನ ನಿಂತಿತು. ದೂರದ ಹೆಜ್ಜೆಗಳು ಹತ್ತಿರವಾದವು. ನಾನು ಬಾಯಿ ತೆರೆದೆ, 'ಬ' ಬರಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅಷ್ಟರಲ್ಲಿ ಮಳೆ ಮತ್ತೆ ಹಿಡಿಯಿತು, ನಿಂತಿತು. ಹೆಜ್ಜೆಗಳು ಮೊದಲಿಗಿಂತ ದೂರದಿಂದ ಹೊರಟು ಬಂದವು. ಮತ್ತೆ ನನ್ನ ತುಟಿ ಅಂಟಿತು. ಮತ್ತೆ ಮಳೆ, ಮತ್ತೆ ಹೆಜ್ಜೆ. ನಗುತ್ತಿದ್ದವರೂ ನನ್ನ ಜೊತೆಗೇ ಬಾಗಿಲು ನೋಡತೊಡಗಿದರು. ನಾಲ್ಕನೆಯ ಸಲ "ಬಂದೆಯಾ ಅಪ್ಪಾ?" ಎಂಬುದು ತಾನಾಗಿ ಹೊರಬಿತ್ತು. ಎದುರಿಗಿದ್ದ ಹೆಂಗಸರು ಕಣ್ಣೊರೆಸಿಕೊಂಡರು.

ಹೆಡ್‌ಮಾಸ್ಟರು ಪರದೆಯ ಹಿಂದೆ ಬಂದು, "ಆ ಅಪ್ಪ ಎಷ್ಟು ಸಲ ಬರ್ತಾನೆ ಮಾರಾಯ್ರೆ?" ಎಂದರು.

"ಮಗಳ ಮಾತು ಬರೋವರೆಗೂ ಬರ್ಬೇಕಲ್ಲ ಸಾರ್" ಎನ್ನುತ್ತಾ ಚಿಕ್ಕಪ್ಪ ಬೂಟಿನಿಂದ ಕೈ ಬಿಡಿಸಿಕೊಂಡರು. ಬೆರಳ ಗಂಟುಗಳು ತರಚಿ ಕೆಂಪಾಗಿದ್ದವು.

ಆ ಕೈ ಹಿಡಿದು ಮನೆಗೆ ಹೊರಟೆ. ಅವರ ಮೇಲೆ ಎಂದೂ ಇಲ್ಲದಷ್ಟು ಪ್ರೀತಿ ಬಂದಿತ್ತು. ಅದನ್ನು ಹೇಳಹೋದರೆ ಮಾತು ಸಿಕ್ಕಿಕೊಂಡಿತು. ಚಿಕ್ಕಪ್ಪ ನಡಿಗೆ ನಿಧಾನ ಮಾಡಿದರು.