ಬೋಟಿನ ಗೇರ್ ಬಾಕ್ಸು ಕೂಡಿಸಿದ್ದು ನಾನೇ

ಕಟ್ರಿ ಪಂಥ! ಇದನ್ನ ನೀವು ನಂಬೋದಿಲ್ಲ. ಸಮುದ್ರ ಇರೋದು ಘಟ್ಟದ ಕೆಳಗೆ, ನಮ್ಮ ಬೆಳಗಾವಿ ಇರೋದು ಘಟ್ಟದ ಮೇಲೆ. ಆದರೂ ಇಲ್ಲಿನ ಒಂದು ಸ್ಕೂಟರ್ ಗ್ಯಾರೇಜಿನಲ್ಲಿ ಕೂತು, ಬೋಟಿನ ಇಂಜಿನ್ನಿಗೆ ಅದರ ಗೇರ್ ಬಾಕ್ಸು ವಾಪಸ್ ಕೂಡಿಸಿದ ಗಂಡಸು ಯಾರಾದರೂ ಇದ್ದರೆ ಅದು ನಾನೊಬ್ಬನೇ. ಸುಳ್ಳು ಅನ್ನಿಸಿದರೆ ಖಾನಾಪುರದ ಕಡೆ ಬಂದು ಯಾರನ್ನಾದರೂ ಕೇಳಿರಿ. ಕೇಳಿದ ಕೂಡಲೇ ನಗುತ್ತಾರೆ. ಅದು ಅಭಿಮಾನದ ನಗು. ನಾನು ಪಾನಾ-ಸ್ಪ್ಯಾನರು ಹಿಡಿದ ಜಾಗದಲ್ಲಿ ಏನಾದರೊಂದು ನಡೆದೇ ನಡೆಯುತ್ತದೆ. ಬೇರೆ ಮಿಸ್ತ್ರಿಗಳ ಹಣೆಯಲ್ಲಿ ಆ ಯೋಗ ಬರೆದಿಲ್ಲ, ನಾನೇನು ಮಾಡಲಿ?

ಗೋಣಿಚೀಲದೊಳಗಿನ ಕಾಲು

ನಮ್ಮ ಗ್ಯಾರೇಜು ಬೆಳಗಾವಿಯ ಮಿಲಿಟರಿ ಕ್ಯಾಂಪ್ ಬಾಜೂಕಿನ ಒಂದು ಓಣಿಯಲ್ಲಿದೆ. ಅದರ ಯಜಮಾನರು ನಮ್ಮ ಉಸ್ತಾದ್. ಮನೆಯಲ್ಲಿ ಉರ್ದು, ಗಿರಾಕಿಗಳ ಜತೆ ಕನ್ನಡ, ಬೋಲ್ಟು ತುಕ್ಕು ಹಿಡಿದು ತಿರುಗದಿದ್ದರೆ ಮರಾಠಿ.

ಒಂದು ಮಧ್ಯಾಹ್ನ ಟೆಂಪೋದಿಂದ ಎಲ್ಲರೂ ವೈನಿ, ಅಂದರೆ ಅತ್ತಿಗೆ, ಎನ್ನುವ ಒಬ್ಬ ಹೆಂಗಸು ಇಳಿದರು. ಹಲಸಿ ಗುಡಿ ನೋಡಲು ಬಂದ ಮಂದಿಯನ್ನು ಖಾನಾಪುರದ ಕಡೆಯ ನಮ್ಮೂರ ಕೆರೆಯಲ್ಲಿ ಬೋಟಿನ ಮೇಲೆ ಸುತ್ತಾಡಿಸುವವರು ಇವರೇ. ಟೆಂಪೋದಲ್ಲಿ ಬೋಟಿನ ಇಂಜಿನ್ನು, ಕೈಯಲ್ಲಿ ಗೋಣಿಚೀಲ. ಚೀಲದೊಳಗೆ ಆ ಇಂಜಿನ್ನಿನ ಕಾಲು: ನೀರೊಳಗೆ ಮುಳುಗಿರುವ ಭಾಗ. ಅದರಲ್ಲೇ ನೀರು ತಳ್ಳುವ ಪಂಖಾ, ಅದರಲ್ಲೇ ಗೇರು, ಮೇಲೆ ಉದ್ದಕ್ಕೆ ನಿಂತ ಶಾಫ್ಟು.

“ಪಂಪಿನ ರಬ್ಬರ್ ಹೋಗಿತ್ರಿ. ಒಬ್ಬಾಂವ ಬಿಚ್ಚಿ ಹೊಸಾದು ಹಾಕಿದ. ವಾಪಸ್ ಕೂಡಸೂದ್ರಾಗ ಗೋವಾದಾಗ ನೌಕರಿ ಸಿಕ್ತಂತ ಹೋಗೇ ಬಿಟ್ಟ. ಐತವಾರ ಬೋಟ್ ಚಾಲೂ ಮಾಡೂದೈತಿ, ಮಂದಿಗೆಲ್ಲಾ ಹೇಳೀನಿ,” ಎಂದರು ವೈನಿ.

ಉಸ್ತಾದ್ ಚೀಲದೊಳಗೆ ಇಣುಕಿ ನೋಡಿ, ಇಲಿ ಕಂಡವರ ಹಾಗೆ ಮುಖ ಹಿಂದೆ ತೆಗೆದರು. “ಇದು ನಮ್ಮ ಲೈನ್ ಅಲ್ರೀ ವೈನಿ.”

ನಾನು ಮುಂದೆ ಬಂದೆ. “ಉಸ್ತಾದ್, ನಾ ಮಾಡ್ತೀನಿ. ಹೊಳಿಯೊಳಗ ಈಸ್ಕೋಂತ ಬೆಳದಾಂವ ನಾ. ನೀರಿನ ಕೆಲಸ ನನಗ ಹೇಳಿಕೊಡೂದು ಬ್ಯಾಡ.”

“ಮೀನಿಗೂ ಈಸಾಕ ಬರತೈತಿ ಬೇಟಾ. ಹಂಗಂತ ಅದರ ಕೈಯಾಗ ಪಾನಾ ಕೊಡಾಕ ಬರತೈತೇನು?”

ವೈನಿ ಮಾತ್ರ ನನ್ನ ಎದೆಯ ಅಗಲ ನೋಡಿ ಒಪ್ಪಿಬಿಟ್ಟರು. “ಕೂಡಸು. ಐತವಾರ ಕೆರಿ ಒಂದು ಸುತ್ತ ಹೊಡಕೊಂಡು ಬೋಟ್ ದಂಡಿಗೆ ತಂದು ಮುಟ್ಟಿಸಿದಾಂವಗ ಅದರ ಹ್ಯಾಂಡಲ್ ಕೊಡ್ತೀನಿ. ಮುಂದ ಪ್ರತಿ ಐತವಾರ ಅವನ ನಡಸಾಂವ.”

ಹ್ಯಾಂಡಲ್! ಬೋಟಿನ ಹಿಂದೆ ಕೂತು, ಒಂದು ಕೈ ಹ್ಯಾಂಡಲ್ ಮೇಲೆ, ಇನ್ನೊಂದು ಕೈ ಮೀಸೆಯ ಮೇಲೆ, ದಂಡೆಗೆ ಇಡೀ ಊರು! ಮುಖ್ಯವಾಗಿ ನಮ್ಮ ಮಾಮಾ. ನಾನು ಗ್ಯಾರೇಜು ಸೇರಿದ ದಿನದಿಂದ ಅವರು ನನ್ನನ್ನು ಹೆಸರು ಹಿಡಿದು ಕರೆದಿಲ್ಲ. “ಏನಪಾ ಪಂಕ್ಚರ್, ಉಂಡಿ?” ಇಷ್ಟೇ. ಆ ಬಾಯಿ ಮುಚ್ಚಿಸಬೇಕಿತ್ತು.

ಉಸ್ತಾದ್ ನಿಟ್ಟುಸಿರು ಬಿಟ್ಟರು. “ಆತು. ಆದ್ರ ನಮ್ಮ ಗ್ಯಾರೇಜಿನ ಪದ್ಧತಿ ನೆನಪೈತಿಲ್ಲ?”

ಆ ಪದ್ಧತಿ ಇಡೀ ಓಣಿಗೇ ಗೊತ್ತು. ಬ್ರೇಕು ಬಿಗಿದವನೇ ಇಳಕಲಿನಲ್ಲಿ ಮೊದಲು ಗಾಡಿ ಬಿಡಬೇಕು. ಹಿಂದಿನ ಸೀಟಿನಲ್ಲಿ ಅವನ ಮನೆಯವರೊಬ್ಬರನ್ನು ಕೂಡಿಸಿಕೊಂಡಿರಬೇಕು. ಉಸ್ತಾದ್ ತಮ್ಮ ಬೇಗಂ ಅವರನ್ನು ಕೂಡಿಸಿಕೊಂಡೇ ಕೆಲಸ ಕಲಿತವರು. ಈಗಲೂ ಬೇಗಂ ಸ್ಕೂಟರ್ ಕಂಡರೆ ಗೋಡೆ ಹಿಡಿದು ನಿಲ್ಲುತ್ತಾರೆ.

“ನೆನಪೈತಿ,” ಎಂದೆ. “ಮಾಮಾನ್ನ ಕೂಡಸ್ತೀನಿ!”

ಆಡು ಮತ್ತು ಶಾಫ್ಟು

ಮರುದಿನ ಇಂಜಿನ್ನನ್ನು ಕಟ್ಟಿಗೆಯ ಕುದುರೆಗೆ ಬಿಗಿದು ನಿಲ್ಲಿಸಿದೆ. ಕಾಲನ್ನು ಕೆಳಗಿನಿಂದ ಮೇಲಕ್ಕೆ ಎತ್ತಿ ಕೂಡಿಸಬೇಕು. ಶಾಫ್ಟಿನ ತುದಿಯಲ್ಲಿ ಸಣ್ಣ ಹಲ್ಲುಗಳಿರುತ್ತವೆ. ಅವು ಇಂಜಿನ್ನಿನೊಳಗಿನ ಹಲ್ಲಿಗೆ ಸರಿಯಾಗಿ ಕೂತರೆ ಮಾತ್ರ ಕಾಲು ಒಳಗೆ ಹೋಗುತ್ತದೆ.

ಉಸ್ತಾದ್ ಕುರ್ಚಿಯ ಮೇಲಿಂದಲೇ ಹೇಳಿದರು: “ಮೇಲಿನ ಲಿವರೂ ನ್ಯೂಟ್ರಲ್, ಕೆಳಗಿನ ಗೇರೂ ನ್ಯೂಟ್ರಲ್. ಎರಡೂ ಒಂದ ಆಗಿದ್ರನ ಜೋಡಸು.”

“ನ್ಯೂಟ್ರಲ್ ಅನ್ನೂದು ಅಂಜೂ ಮಂದಿಗೆ, ಉಸ್ತಾದ್!” ಎಂದು ನಾನು ಕಾಲಿನ ಗೇರಿನ ರಾಡು ಎಳೆದು, ಕೈಗೆ ಬಂದ ಗೇರಿಗೆ ಹಾಕಿದೆ. ಮೇಲಿನ ಲಿವರ್ ಎಲ್ಲಿದೆ ಅಂತ ನೋಡಲೂ ಇಲ್ಲ.

ಎತ್ತಿದೆ. ಹೋಗಲಿಲ್ಲ. ಚಹಾದಂಗಡಿಯವನನ್ನು ಕರೆದೆ. ಇಬ್ಬರೂ ಎತ್ತಿದೆವು. ಹೋಗಲಿಲ್ಲ. ಗಿರಾಕಿಗಳು ಬಂದರು, ಹೂವಿನವ ಬುಟ್ಟಿ ಇಳಿಸಿ ಬಂದ, ಗ್ಯಾಸ್ ಸಿಲಿಂಡರಿನವ ಗಾಡಿ ನಿಲ್ಲಿಸಿ ಬಂದ. “ಹೈಸಾ! ಹೈಸಾ!” ಕ್ಯಾಂಪಿನ ಸಿಪಾಯಿಯೊಬ್ಬ ಸೈಕಲ್ ನಿಲ್ಲಿಸಿ ಹಿಂದಿಯಲ್ಲಿ ಹುಕುಂ ಕೊಡತೊಡಗಿದ. ಹಲ್ಲಿಗೆ ಹಲ್ಲು ಹತ್ತಲಿಲ್ಲ. ನಮ್ಮ ಹಲ್ಲು ಮಾತ್ರ ಕಟಕಟ ಅಂದವು.

ಎದುರು ಮನೆಯ ಖಾಲಾ, ಅಂದರೆ ಚಿಕ್ಕಮ್ಮ, ಸಾಕಿದ ಆಡೊಂದು ನಮ್ಮ ಓಣಿಯಲ್ಲೇ ತಿರುಗುತ್ತಿರುತ್ತದೆ. ನಾವೆಲ್ಲ ಬೆವತು ಎತ್ತಿ ಹಿಡಿದು ನಿಂತಾಗ ಅದು ನಿಧಾನಕ್ಕೆ ಬಂತು. ಪಂಖಾ ನೋಡಿತು. ಬೆನ್ನು ತುರಿಸಿತ್ತೋ ಏನೋ, ಪಂಖಾಕ್ಕೆ ಮೈ ಒತ್ತಿ ತಿಕ್ಕಿತು. ಪಂಖಾ ತುಸು ತಿರುಗಿತು, ಅದರ ಜತೆ ಶಾಫ್ಟೂ ತಿರುಗಿತು. ಟಕ್! ಕಾಲು ಸೀದಾ ಒಳಗೆ!

ಓಣಿಯಲ್ಲಿ ಚಪ್ಪಾಳೆ! ನಾನು ಬೋಲ್ಟು ಬಿಗಿದು, ಗೇರಿನ ರಾಡು ಲಿವರಿಗೆ ಜೋಡಿಸಿ, ಎರಡೂ ಕೈ ಮೇಲೆತ್ತಿದೆ.

ಉಸ್ತಾದ್ ಚಹಾದಂಗಡಿಯವನಿಗೆ ಕೂಗಿ ಹೇಳಿದರು: “ಎಲ್ಲಾರಿಗೂ ಚಹಾ ಕೊಡಪಾ. ಮಿಸ್ತ್ರಿಗೆ ಹುಲ್ಲು ಹಾಕು.”

ಖಾಲಾನ ಶ್ಯಾವಿಗಿ

ಬೋಟಿನ ಇಂಜಿನ್ನನ್ನು ಒಣಗಿದ ನೆಲದ ಮೇಲೆ ಚಾಲೂ ಮಾಡುವಂತಿಲ್ಲ, ಪಂಪು ಸುಟ್ಟುಹೋಗುತ್ತದೆ. ಅದಕ್ಕೆ ಒಂದು ದೊಡ್ಡ ಡ್ರಮ್ಮಿಗೆ ನೀರು ತುಂಬಿಸಿ, ಅದರೊಳಗೆ ಕಾಲು ಇಳಿಬಿಟ್ಟೆ. ಲಿವರ್ ಮುಂದಿನ ಗೇರಿನಲ್ಲಿತ್ತು. ತೆಗೆಯಲು ನೋಡಿದೆ, ಅಲ್ಲಾಡಲಿಲ್ಲ.

“ಲಿವರ್ ಬಾಳ ಬಿಗಿ ಐತೆಲ್ಲೋ,” ಎಂದರು ಉಸ್ತಾದ್.

“ನನ್ನ ಕೈಯಾಗಿಂದು ಹಂಗ, ಉಸ್ತಾದ್. ಬಿಗಿ ಅಂದ್ರ ಬಿಗಿ!”

ಹಗ್ಗ ಎಳೆದೆ. ಇಂಜಿನ್ನು ಗುಡುಗಿತು! ಬಾಜೂಕಿನ ಸಣ್ಣ ತೂತಿನಿಂದ ನೀರಿನ ಧಾರೆ ಚಿಮ್ಮಿತು, ಅಂದರೆ ಪಂಪು ಜೀವಂತ! ಕುಣಿಯಬೇಕೆನ್ನುವಷ್ಟರಲ್ಲಿ ಪಂಖಾ ಡ್ರಮ್ಮಿನ ನೀರನ್ನೆಲ್ಲ ಎತ್ತಿ ನನ್ನ ಮುಖಕ್ಕೆ ಹೊಡೆಯಿತು. ನನ್ನನ್ನು ದಾಟಿ ಹೋದದ್ದು ಖಾಲಾ ಬಾಗಿಲ ಮುಂದೆ ಹೊರಸಿನ ಮೇಲೆ ಒಣಹಾಕಿದ್ದ ಶ್ಯಾವಿಗೆಗೆ.

“ನೀರು ಹಿಂದಕ ಹೋಗಬೇಕಲ್ಲೋ, ನಿನ್ನ ಕಡೆ ಯಾಕ ಬಂತು?” ಎಂದರು ಉಸ್ತಾದ್.

“ತಾಕತ್ತು, ಉಸ್ತಾದ್! ತಾಕತ್ತಿಗೆ ದಿಕ್ಕು ಇರಂಗಿಲ್ಲ!”

ಖಾಲಾ ಸೊಂಟದ ಮೇಲೆ ಕೈ ಇಟ್ಟು ಬಂದರು. “ನಿನ್ನ ಮಶೀನು ಬೋಟು ನಡಸತೈತೋ ಇಲ್ಲೋ, ನನಗ ಗೊತ್ತಿಲ್ಲ. ನನ್ನ ಶ್ಯಾವಿಗಿ ಪಾಯಸ ಮಾಡ್ತು. ಇನ್ನ ಸಕ್ಕರಿ ನಿಮ್ಮಪ್ಪ ತರ್ತಾನೇನು?”

ಐತವಾರದ ಸುತ್ತು

ಐತವಾರ ಕೆರೆಯ ದಂಡೆಗೆ ಊರೇ ಬಂದಿತ್ತು. ನಾನೇ ಕರೆದಿದ್ದೆ, ಬರದೇ ಏನು ಮಾಡ್ಯಾರು? ವೈನಿ ಇಂಜಿನ್ನಿಗೆ ಮಾಲೆ ಹಾಕಿ ಕಾಯಿ ಒಡೆದರು. ಬೋಟಿನ ಮೂತಿ ದಂಡೆಯ ಕೆಸರಿನಲ್ಲಿ, ಇಂಜಿನ್ನು ನೀರಿನಲ್ಲಿ. ಪದ್ಧತಿಯಂತೆ ಮಾಮಾ ಮುಂದಿನ ಹಲಗೆಯ ಮೇಲೆ, ಇಸ್ತ್ರಿ ಮಾಡಿದ ಧೋತರ ಮೊಣಕಾಲಿಗೆ ಏರಿಸಿ ಕೂತರು.

“ಪಂಕ್ಚರ್, ಮುಳುಗಿದ್ರ ಮೊದಲ ನನ್ನ ಎತ್ತು. ಆಮ್ಯಾಲ ನಿನ್ನ ಹೊಡೀತೀನಿ.”

“ಇವತ್ತಿಂದ ಹೆಸರ್ಹಿಡದು ಕರೀತೀ ಮಾಮಾ, ನೋಡ್ತಿರು!”

ಹಗ್ಗ ಎಳೆದೆ. ಬೋಟು ದಂಡೆ ಬಿಟ್ಟು ಹಿಂದಕ್ಕೆ ಜಾರಿತು, ಬೆಣ್ಣೆಯಲ್ಲಿ ಜಾರಿದ ಹಾಗೆ!

“ಎಷ್ಟ ನಾಜೂಕ ತಗದ ನೋಡ್ರಿ!” ಎಂದರು ದಂಡೆಯ ಮಂದಿ. ನಾನು ಕೈ ಬೀಸಿದೆ. ಬೋಟು ಹಿಂದಕ್ಕೇ ಹೋಯಿತು. ಇನ್ನೂ ಕೈ ಬೀಸಿದೆ. ಬೋಟು ಇನ್ನೂ ಹಿಂದಕ್ಕೆ ಹೋಯಿತು. ಲಿವರ್ ನೋಡಿದರೆ ಮುಂದಿನ ಗೇರಿನಲ್ಲೇ ಇದೆ! ಕೈಯಿಂದ ಒತ್ತಿದೆ, ಕಾಲಿನಿಂದ ಒದ್ದೆ, ಅದು ಮಿಸುಕಲಿಲ್ಲ.

“ಏ ಪಂಕ್ಚರ್,” ಎಂದರು ಮಾಮಾ, ದಂಡೆಯತ್ತ ನೋಡುತ್ತಾ, “ಊರು ಸಣ್ಣದಾಗಾಕತ್ತೇತಿ.”

“ಎಲ್ಲಾರಿಗೂ ನಮ್ಮ ಮಾರಿ ಕಾಣಲಿ ಅಂತ ಮಾಮಾ!”

ನಡು ಕೆರೆಯಲ್ಲಿ ಹಿಂದಿನಿಂದ ನೀರು ಒಳಗೆ ನುಗ್ಗತೊಡಗಿತು. ಮಾಮಾನ ಧೋತರದ ಇಸ್ತ್ರಿ ಹೋಯಿತು. ನಾನು ಇಂಜಿನ್ ಬಂದ್ ಮಾಡಿದೆ. ಅದರ ಸದ್ದು ನಿಂತಿದ್ದೇ ತಡ, ದಂಡೆಯಿಂದ ಉಸ್ತಾದರ ದನಿ ತೇಲಿ ಬಂತು: “ನ್ಯೂಟ್ರಲ್ ಯಾರಿಗೋ ಬೇಟಾ? ಅಂಜೂ ಮಂದಿಗೆ?”

ಮೇಲೆ ಲಿವರ್ ಮುಂದಕ್ಕೆ, ಕೆಳಗೆ ಗೇರು ಹಿಂದಕ್ಕೆ. ಹಾಗೇ ಜೋಡಿಸಿಬಿಟ್ಟಿದ್ದೆ. ಆದರೂ ಹೇಳಿರಿ, ಅಷ್ಟು ವೇಗದಲ್ಲಿ ಹಿಂದಕ್ಕೆ ಹೋಗುವ ಬೋಟು ನೀವು ಎಲ್ಲಿಯಾದರೂ ಕಂಡಿದ್ದೀರಾ?

ಮಾಮಾ ಎದ್ದು ಬಂದು ನನ್ನನ್ನು ಪಕ್ಕಕ್ಕೆ ಸರಿಸಿದರು. ಕಬ್ಬು ತುಂಬಿದ ಟ್ರ್ಯಾಕ್ಟರ್ ಟ್ರಾಲಿಯನ್ನು ಕೈಯಗಲದ ಸಂದಿಯಲ್ಲಿ ಹಿಂದಕ್ಕೆ ತಗೊಂಡು ಹೋಗಿ ನಿಲ್ಲಿಸುವವರು ನಮ್ಮ ಮಾಮಾ.

“ಹಿಂದಕ್ಕನ ಹೋಗತೈತಿಲ್ಲ? ಹಂಗಾರ ಇದರ ಕುಂಡಿ ಊರ ಕಡೆ ಮಾಡು, ಮನಿ ಮುಟ್ಟತೈತಿ. ನೀ ಮುಂದ ಕುಂತು ಮೂತಿ ಸೀದಾ ಹಿಡಿ.”

ಹಾಗೆಂದು ಬೋಟಿನ ತಳದಲ್ಲಿ ಬಿದ್ದಿದ್ದ ಕಟ್ಟಿಗೆಯ ಹುಟ್ಟನ್ನು ನನ್ನತ್ತ ಎಸೆದರು. ನಾನು ಮುಂದೆ ಕೂತು ಹುಟ್ಟು ಹಾಕಿ ಬೋಟು ತಿರುಗಿಸಿದೆ. ಮಾಮಾ ಹಗ್ಗ ಎಳೆದು, ಕತ್ತು ಹಿಂದೆ ತಿರುಗಿಸಿ, ಟ್ರ್ಯಾಕ್ಟರಿನ ಮೇಲೆ ಕೂತ ಠೀವಿಯಲ್ಲೇ ಮೆಲ್ಲಗೆ ಬೋಟು ಬಿಟ್ಟರು. ನೀರು ಒಳಗೆ ಬರಲಿಲ್ಲ. ದಂಡೆಗುಂಟ ಕೆರೆಯನ್ನು ಪೂರಾ ಒಂದು ಸುತ್ತು, ಉಲ್ಟಾ! ಮಂದಿ ಶಿಳ್ಳೆ ಹೊಡೆದರು, ಟವೆಲ್ ಹಾರಿಸಿದರು, ನನ್ನ ಸ್ವಂತ ಅವ್ವ ಮಾಮಾನ ಹೆಸರು ಕೂಗಿದಳು! ಬೋಟು ಹಿಂಬದಿಯಿಂದ ಬಂದು ದಂಡೆಗೆ ನಿಂತಿತು, ಪಂಖಾ ಕೆಸರಿಗೆ ಒಂದು ಚೂರೂ ತಾಗದ ಹಾಗೆ.

ನಾನು ಮೊದಲು ಜಿಗಿದೆ. “ವೈನಿ! ಸುತ್ತ ಮುಗೀತಿಲ್ರಿ? ಬೋಟ್ ದಂಡಿಗೆ ಮುಟ್ಟಿತಿಲ್ರಿ?”

“ಮುಟ್ಟಿತು,” ಎಂದರು ವೈನಿ. “ಕೊಟ್ಟ ಮಾತು ಕೊಟ್ಟಿದ್ದ.”

ಉಸ್ತಾದ್ ಗೇರು ಬಿಚ್ಚಿ ಸರಿ ಜೋಡಿಸಿದ ಮೇಲೆ, ಈಗ ಪ್ರತಿ ಐತವಾರ ಬೋಟು ಮುಂದಕ್ಕೇ ಹೋಗುತ್ತದೆ. ಹ್ಯಾಂಡಲ್ ಮಾಮಾಗೆ ಕೊಟ್ಟರು.

ನನಗೆ ಹುಟ್ಟು ಕೊಟ್ಟರು.